ಹದಿನೈದು ನಿಮಿಷದ ಬಿರುಕು: ಡೇಟಾಬೇಸ್ ಸರ್ವರ್‌ನ ರಾತ್ರಿ ಕೆಲಸಗಳ ಕುರಿತ ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಸಂಘ, ಊರು ಮತ್ತು ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಮರೆಮಾಡಿದ್ದೇನೆ. ಡೇಟಾಬೇಸ್ ಸರ್ವರ್‌ಗಳಲ್ಲಿ ತಾನಾಗಿ ನಡೆಯುವ ನಿಗದಿತ ಕೆಲಸಗಳನ್ನು ನೋಡಿಕೊಳ್ಳುವ ಇತರರಿಗೆ ಪ್ರಯೋಜನವಾದೀತೆಂದು, ನಾವು ಎಲ್ಲಿ ಸರಿಯಾಗಿ ನೋಡಿದೆವು, ಎಲ್ಲಿ ನೋಡಿಯೂ ಕಾಣಲಿಲ್ಲ ಎಂಬುದನ್ನು ಆದಷ್ಟು ವಿವರವಾಗಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ದಕ್ಷಿಣ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ನಾಲ್ಕು ಶಾಖೆಗಳಿರುವ ಪತ್ತಿನ ಸಹಕಾರ ಸಂಘವೊಂದಿದೆ. ಅದರ ಲೆಕ್ಕದ ತಂತ್ರಾಂಶವನ್ನೂ ಡೇಟಾಬೇಸನ್ನೂ ನೋಡಿಕೊಳ್ಳುವ ಹೊಣೆ ನಮ್ಮ ಮೂವರ ತಂಡದ್ದು. ಸಂಘದ ವ್ಯವಹಾರದಲ್ಲಿ ದೊಡ್ಡ ಪಾಲು ಪಿಗ್ಮಿ ಠೇವಣಿಯದು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಈ ಪದ್ಧತಿ ಇವತ್ತಿಗೂ ನಮ್ಮ ಸಣ್ಣ ವ್ಯಾಪಾರಿಗಳ ಉಳಿತಾಯದ ಬೆನ್ನೆಲುಬು. ಏಜೆಂಟರು ದಿನಾ ಅಂಗಡಿ ಬಾಗಿಲಿಗೆ ಹೋಗಿ ಐವತ್ತು, ನೂರು ರೂಪಾಯಿ ಪಡೆದು, ಕೈಯಲ್ಲಿರುವ ಪಿಗ್ಮಿ ಮಷಿನ್‌ನಿಂದ ಚೀಟಿ ಹರಿದು ಕೊಡುತ್ತಾರೆ. ಸಂಜೆಯೊಳಗೆ ಆ ನಗದನ್ನು ಶಾಖೆಗೆ ಕಟ್ಟುತ್ತಾರೆ. ಕಟ್ಟಿದ ಹಣ ಮೊದಲು ಒಂದು ಸಸ್ಪೆನ್ಸ್ ಖಾತೆಗೆ, ಅಂದರೆ ಹಂಚಿಕೆಯಾಗುವವರೆಗೆ ಹಣ ತಾತ್ಕಾಲಿಕವಾಗಿ ನಿಲ್ಲುವ ಖಾತೆಗೆ, ಹೋಗುತ್ತದೆ. ರಾತ್ರಿ ಡೇಟಾಬೇಸ್‌ನಲ್ಲಿ ತಾನಾಗಿ ಓಡುವ ಒಂದು ಕೆಲಸವು ಮಷಿನ್‌ಗಳಿಂದ ಬಂದ ನಮೂದುಗಳನ್ನು ನೋಡಿ, ಆ ಹಣವನ್ನು ಅಲ್ಲಿಂದ ತೆಗೆದು ಒಬ್ಬೊಬ್ಬ ಠೇವಣಿದಾರರ ಖಾತೆಗೆ ಜಮಾ ಹಾಕುತ್ತದೆ.

ಇಂಥ ರಾತ್ರಿ ಕೆಲಸಗಳು ಒಟ್ಟು ನಾಲ್ಕು. ರಾತ್ರಿ 11:45ಕ್ಕೆ ಪಿಗ್ಮಿ ಜಮಾ, 12:30ಕ್ಕೆ ಬಡ್ಡಿ ಲೆಕ್ಕ, 1:15ಕ್ಕೆ ಕಾರ್ಯದರ್ಶಿಯವರಿಗೆ ಹೋಗುವ ದಿನದ ವರದಿ, 2:30ಕ್ಕೆ ಬ್ಯಾಕಪ್. ಮೊದಲೆರಡು ನಮ್ಮ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಒಳಗೇ ಈವೆಂಟ್‌ಗಳಾಗಿ, ಅಂದರೆ ಅದು ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕೆಲಸಗಳಾಗಿ ಇದ್ದವು. ಕೊನೆಯೆರಡು ಸರ್ವರ್‌ನ ಲಿನಕ್ಸ್ ವ್ಯವಸ್ಥೆಯಲ್ಲಿ ನಿಗದಿತ ಕೆಲಸಗಳನ್ನು ಓಡಿಸುವ ಕ್ರಾನ್‌ನಲ್ಲಿದ್ದವು. ಏಳೆಂಟು ವರ್ಷಗಳಿಂದ ಇವು ಯಾರ ಗಮನವನ್ನೂ ಬೇಡದೆ ನಡೆದುಕೊಂಡು ಬಂದಿದ್ದವು.

ಮೈಎಸ್‌ಕ್ಯೂಎಲ್ 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಪ್ರಧಾನ ಶಾಖೆಯ ಮೂಲೆಯಲ್ಲಿದ್ದ ಹಳೆಯ ಸರ್ವರ್ ಕೂಡ ಸವೆದಿತ್ತು. ಮಾರ್ಚ್ 31ರ ವರ್ಷಾಂತ್ಯದ ಲೆಕ್ಕಕ್ಕೆ ಮೊದಲೇ ಕೆಲಸ ಮುಗಿಸಬೇಕೆಂದು ಮರುವರ್ಷ ಫೆಬ್ರುವರಿಯ ಎರಡನೇ ಶನಿವಾರದ ರಜೆಯನ್ನು ಆರಿಸಿಕೊಂಡೆವು. ಆ ದಿನ ಎಲ್ಲವನ್ನೂ ಡೇಟಾ ಸೆಂಟರ್ ಒಂದರಲ್ಲಿ ಬಾಡಿಗೆಗೆ ಪಡೆದ ಹೊಸ ಸರ್ವರ್‌ಗೆ, ಮೈಎಸ್‌ಕ್ಯೂಎಲ್ 8.0ಕ್ಕೆ ಸಾಗಿಸಿದೆವು. ಡೇಟಾಬೇಸನ್ನು ಒಂದು ಕಡತವಾಗಿ ಬರೆದುಕೊಡುವ ಮೈಎಸ್‌ಕ್ಯೂಎಲ್‌ಡಂಪ್ ತಾನಾಗಿ ಈವೆಂಟ್‌ಗಳನ್ನು ಡಂಪ್ ಕಡತಕ್ಕೆ ಸೇರಿಸುವುದಿಲ್ಲ, ಅದಕ್ಕೆಂದೇ ಇರುವ ಆಯ್ಕೆಯನ್ನು ಕೊಡಬೇಕು ಎಂಬುದು ನಮಗೆ ಗೊತ್ತಿತ್ತು. ಹಿಂದೆ ಬೇರೊಂದು ಕಡೆ ಇದರಲ್ಲೇ ಪೆಟ್ಟು ತಿಂದಿದ್ದೆವು. ಆದ್ದರಿಂದ ಭಾನುವಾರ ಬೆಳಿಗ್ಗೆ ಎರಡೂ ಈವೆಂಟ್‌ಗಳು ಹೊಸ ಸರ್ವರ್‌ನಲ್ಲಿ ಇವೆಯೇ, ಚಾಲ್ತಿಯಲ್ಲಿವೆಯೇ ಎಂದು ನೋಡಿದೆವು. ಇದ್ದವು. ನಮಗೆ ಗೊತ್ತಿದ್ದ ಅಪಾಯವನ್ನು ದಾಟಿದ ಸಮಾಧಾನದಲ್ಲಿ ಗೊತ್ತಿಲ್ಲದ ಅಪಾಯವನ್ನು ಹುಡುಕಲೇ ಇಲ್ಲವೆಂದು ಈಗ ಅನ್ನಿಸುತ್ತದೆ.

ದೂರು

ಮಾರ್ಚ್ 4ರ ಸೋಮವಾರ ಹೂವಿನ ಮಾರುಕಟ್ಟೆಯ ಒಬ್ಬ ವ್ಯಾಪಾರಿ ಶಾಖೆಗೆ ಬಂದು ಪಾಸ್‌ಪುಸ್ತಕ ಮುದ್ರಿಸಿಕೊಂಡರು. ಮೂರು ವಾರಗಳಲ್ಲಿ ಐದು ದಿನದ ಜಮಾ ಅದರಲ್ಲಿರಲಿಲ್ಲ. ಆದರೆ ಆ ಐದೂ ದಿನದ ಚೀಟಿ ಅವರಲ್ಲಿತ್ತು. ತಕ್ಕಡಿಯ ಪಕ್ಕದ ತಂತಿಗೆ ದಿನಾ ಚೀಟಿ ಚುಚ್ಚಿಡುವ ಅಭ್ಯಾಸ ಅವರದು.

ಶಾಖೆಯವರ ಮೊದಲ ಅನುಮಾನ ಸಹಜವಾಗಿಯೇ ಆ ಸಾಲಿನ ಪಿಗ್ಮಿ ಏಜೆಂಟ್ ಮೇಲೆ ಹೋಯಿತು. ಹನ್ನೊಂದು ವರ್ಷಗಳಿಂದ ಅದೇ ಮಾರುಕಟ್ಟೆಯಲ್ಲಿ ಸಂಗ್ರಹ ಮಾಡುತ್ತಿರುವ ಮಹಿಳೆ ಅವರು. ಅವರು ಕಟ್ಟಿದ ನಗದಿಗೂ ಮಷಿನ್‌ನ ದಿನದ ಮೊತ್ತಕ್ಕೂ ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ. ಹಾಗಿದ್ದೂ ಎರಡು ದಿನಗಳಲ್ಲಿ ಅವರ ಕೈಗೆ ಕಾರಣ ಕೇಳುವ ನೋಟಿಸ್ ಬಂತು. ನಗದು ಸರಿಯಾಗಿ ಕಟ್ಟಿದ್ದರೆ ಹಣ ಎಲ್ಲೋ ಸಂಘದ ಒಳಗೇ ಇರಬೇಕು, ಅಂದರೆ ಸಸ್ಪೆನ್ಸ್ ಖಾತೆಯಲ್ಲಿ ಇರಬೇಕು. ಆ ಖಾತೆಯನ್ನು ಆಗಲೇ ಯಾರಾದರೂ ತೆರೆದು ನೋಡಿದ್ದರೆ ಈ ನೋಟಿಸ್ ಹೊರಡುತ್ತಿರಲಿಲ್ಲ. ಅದನ್ನು ನೋಡಿ ಎಂದು ಹೇಳುವ ಕರ್ತವ್ಯ ನಮ್ಮದಾಗಿತ್ತು. ನಾವು ಹೇಳಲಿಲ್ಲ.

ಮೊದಲ ಹುಡುಕಾಟ

ನಾವು ನೇರವಾಗಿ ಈವೆಂಟ್‌ಗಳ ಕಡೆ ಹೋದೆವು. ಪಿಗ್ಮಿ ಜಮಾ ಈವೆಂಟ್‌ನ ಸ್ಥಿತಿ ಚಾಲ್ತಿ ಎಂದಿತ್ತು. ಈವೆಂಟ್‌ಗಳನ್ನು ಓಡಿಸುವ ಷೆಡ್ಯೂಲರ್ ತನ್ನ ಮುಂದಿನ ಸರದಿಗಾಗಿ ಕಾಯುತ್ತಾ ಇತ್ತು. ಕೊನೆಯ ಬಾರಿ ಓಡಿದ ಸಮಯದ ಅಂಕಣದಲ್ಲಿ ಹಿಂದಿನ ದಿನಾಂಕ ಮತ್ತು 23:45:00 ಎಂದಿತ್ತು. ಎರರ್ ಲಾಗ್‌ನಲ್ಲಿ ಒಂದು ಸಾಲಿನ ತಪ್ಪೂ ಇರಲಿಲ್ಲ. ಈವೆಂಟ್ ಯಾರ ಹೆಸರಿನಲ್ಲಿ ಓಡುತ್ತದೋ ಆ ಬಳಕೆದಾರ ಹೊಸ ಸರ್ವರ್‌ನಲ್ಲಿ ಇಲ್ಲದಿದ್ದರೆ ಅಥವಾ ಅವನಿಗೆ ಸಾಕಷ್ಟು ಅಧಿಕಾರ ಇಲ್ಲದಿದ್ದರೆ ಕೆಲಸ ಕೆಡುತ್ತದೆ. ಅದನ್ನೂ ನೋಡಿದೆವು, ಸರಿಯಿತ್ತು. ಜಮಾ ಮಾಡುವ ಪ್ರೊಸೀಜರನ್ನು, ಅಂದರೆ ಈವೆಂಟ್ ಓಡಿಸುವ ಆಜ್ಞೆಗಳ ಸರಣಿಯನ್ನು, ಡೇಟಾಬೇಸ್‌ನ ಒಂದು ನಕಲು ಪ್ರತಿಯಲ್ಲಿ ಕೈಯಿಂದ ಓಡಿಸಿದೆವು. ಅಚ್ಚುಕಟ್ಟಾಗಿ ಓಡಿತು.

ಇಲ್ಲಿಗೆ ಡೇಟಾಬೇಸ್ ನಿರ್ದೋಷಿ ಎಂದು ತೀರ್ಮಾನಿಸಿಬಿಟ್ಟೆವು. ಉಳಿದಿದ್ದು ಮಷಿನ್. ಸಂಘದಲ್ಲಿ ಎರಡು ಬಗೆಯ ಮಷಿನ್‌ಗಳಿವೆ. ಹಳೆಯವು ದಿನದ ಸಂಗ್ರಹವನ್ನು ತಮ್ಮಲ್ಲೇ ಇಟ್ಟುಕೊಂಡು, ಶಾಖೆಗೆ ತಂದು ಜೋಡಿಸಿದಾಗ ಒಟ್ಟಿಗೇ ಕಳಿಸುತ್ತವೆ. ಹೊಸವುಗಳಲ್ಲಿ ಸಿಮ್ ಇದೆ, ಚೀಟಿ ಹರಿದ ಕ್ಷಣವೇ ನಮೂದು ಸರ್ವರ್‌ಗೆ ಹೋಗುತ್ತದೆ. ಹೂವಿನ ಮಾರುಕಟ್ಟೆಯ ಏಜೆಂಟ್ ಬಳಿ ಇದ್ದದ್ದು ಸಿಮ್ ಇರುವ ಮಷಿನ್. ಮಾರುಕಟ್ಟೆಯ ತಗಡಿನ ಚಾವಣಿಯ ಕೆಳಗೆ ಸಿಗ್ನಲ್ ಸರಿ ಇರದೆ ಕೆಲವು ನಮೂದು ದಾರಿಯಲ್ಲಿ ಕಳೆದುಹೋಗುತ್ತಿರಬೇಕು ಎಂಬುದು ನಮ್ಮ ಊಹೆ. ಮಾರ್ಚ್ 5ರಿಂದ ಅವರಿಗೆ ಹಳೆಯ ಮಷಿನ್ ಕೊಡಿಸಿದೆವು.

ಆ ವಾರ ಒಂದು ನಮೂದೂ ತಪ್ಪಲಿಲ್ಲ. 8ನೇ ತಾರೀಖು ಮಹಾಶಿವರಾತ್ರಿ. ಹೂವಿನ ವ್ಯಾಪಾರಿಗಳಿಗೆ ವರ್ಷದ ದೊಡ್ಡ ದಿನಗಳಲ್ಲಿ ಒಂದು. ಸಂಗ್ರಹವೂ ಎಂದಿಗಿಂತ ಹೆಚ್ಚು. ಅಂದು ಕೂಡ ಎಲ್ಲವೂ ಸರಿಯಾಗಿ ಜಮಾ ಆಯಿತು. ಹಾಗಾಗಿ ನಮ್ಮ ಊಹೆ ನಂಬಿಕೆಯಾಯಿತು. ಸಿಮ್ ಮಷಿನ್ ಕೆಟ್ಟಿದೆ ಎಂದು ಬರೆದುಕೊಟ್ಟೆವು, ಹೊಸ ಮಷಿನ್‌ಗಳ ಖರೀದಿಯ ಮಾತು ಆಡಳಿತ ಮಂಡಳಿಯವರೆಗೆ ಹೋಯಿತು. 11ರಂದು ರಿಪೇರಿಯಾಗಿ ಬಂದ ಸಿಮ್ ಮಷಿನ್ ಮತ್ತೆ ಏಜೆಂಟ್ ಕೈಗೆ ಹೋಯಿತು. 12ರ ಬೆಳಗಿನ ಸಂಗ್ರಹದಲ್ಲಿ ಮೂರು ನಮೂದು ಮತ್ತೆ ಜಮಾ ಆಗಲಿಲ್ಲ.

ಈ ಹಂತವನ್ನು ಕುರಿತು ಸ್ವಲ್ಪ ನಿಂತು ಹೇಳಬೇಕು. ಮಷಿನ್ ಬದಲಿಸಿದಾಗ ತೊಂದರೆ ನಿಂತದ್ದು ಸುಳ್ಳಲ್ಲ. ಆದರೆ ಮಷಿನ್ ಬದಲಿಸಿದಾಗ ಮಷಿನ್ ಒಂದೇ ಬದಲಾಗಲಿಲ್ಲ, ನಮೂದು ಸರ್ವರ್ ಮುಟ್ಟುವ ಹೊತ್ತೂ ಬದಲಾಯಿತು. ಸಿಮ್ ಮಷಿನ್‌ನಲ್ಲಿ ಚೀಟಿ ಹರಿದ ಬೆಳಗಿನ ಹೊತ್ತಿಗೇ ಮುಟ್ಟುತ್ತಿದ್ದದ್ದು ಹಳೆಯ ಮಷಿನ್‌ನಲ್ಲಿ ಹನ್ನೊಂದು ಗಂಟೆಯ ನಂತರ, ಶಾಖೆಯಿಂದ ಮುಟ್ಟತೊಡಗಿತು. ಒಂದು ಬದಲಾವಣೆಯ ಜೊತೆ ಇನ್ನೊಂದು ಬದಲಾವಣೆಯೂ ಸೇರಿಕೊಂಡಿದೆ ಎಂಬುದನ್ನು ನಾವು ಯೋಚಿಸಲಿಲ್ಲ. ತಪ್ಪು ಕಾರಣಕ್ಕೆ ಸಿಕ್ಕ ಸರಿಯಾದ ಫಲಿತಾಂಶವು ನಮ್ಮಿಂದ ಒಂದು ವಾರವನ್ನು ಕಸಿದುಕೊಂಡಿತು. ಆ ವಾರವೆಲ್ಲ ಏಜೆಂಟ್ ನೋಟಿಸ್ ಹೊತ್ತುಕೊಂಡೇ ಮಾರುಕಟ್ಟೆಗೆ ಹೋಗಿಬಂದರು.

23:45ರಿಂದ 23:59ರವರೆಗೆ

13ರಂದು ನಾವು ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆವು. ಈವೆಂಟ್ ಓಡಿತೇ ಎಂದು ಕೇಳುವುದನ್ನು ಬಿಟ್ಟು, ಫೆಬ್ರುವರಿಯಿಂದ ಈಚೆಗೆ ಸರ್ವರ್ ಮುಟ್ಟಿಯೂ ಜಮಾ ಆಗದೆ ಉಳಿದ ನಮೂದುಗಳು ಯಾವುವು ಎಂದು ಕೋಷ್ಟಕವನ್ನೇ ಕೇಳಿದೆವು. 37 ಸಾಲು ಬಂದವು. ಒಟ್ಟು ₹3,940. ಅಂದರೆ ಸಿಗ್ನಲ್ ಇಲ್ಲದೆ ಯಾವುದೂ ಕಳೆದುಹೋಗಿರಲಿಲ್ಲ. 37 ನಮೂದೂ ನಮ್ಮ ಸರ್ವರ್‌ನಲ್ಲೇ, ಜಮಾ ಆಗಿಲ್ಲ ಎಂಬ ಗುರುತಿನೊಂದಿಗೆ ಕುಳಿತಿದ್ದವು.

ಅವುಗಳ ಸ್ವೀಕೃತಿ ಸಮಯವನ್ನು ಒಂದರ ಕೆಳಗೊಂದು ಓದುತ್ತಾ ಹೋದಂತೆ ಮೂವರೂ ಸುಮ್ಮನಾದೆವು. 23:46, 23:51, 23:58, 23:47. ಮೂವತ್ತೇಳೂ ನಮೂದು 23:45 ಮತ್ತು 24:00ರ ನಡುವಿನ ಹದಿನೈದು ನಿಮಿಷದೊಳಗೇ ಇದ್ದವು.

ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹೂವಿನ ಅಂಗಡಿಯಲ್ಲಿ ಪಿಗ್ಮಿ ಕಟ್ಟುವವರು ಯಾರು? ಏಜೆಂಟ್‌ಗೆ ಫೋನ್ ಮಾಡಿ ಕೇಳಿದೆ. ಅವರ ಉತ್ತರ ಇವತ್ತಿಗೂ ಕಿವಿಯಲ್ಲಿದೆ: “ಆ ಹೊತ್ತಿಗೆ ನಾನು ಮಲಗಿರ್ತೀನಿ ಸರ್. ಮಾರ್ಕೆಟ್ಟು ಬೆಳಗಿನ ಜಾವದ್ದು. ಐದು ಗಂಟೆಗೆ ಹೋಗ್ತೀನಿ, ಆರೂವರೆಗೆ ಮುಗೀತದೆ. ನೀವು ಚೀಟಿ ನೋಡಿ.” ಶಾಖೆಯವರು ವ್ಯಾಪಾರಿಯ ಚೀಟಿಗಳ ಫೋಟೊ ಕಳಿಸಿದರು. 23:51 ಎಂದಿದ್ದ ನಮೂದಿನ ಚೀಟಿಯಲ್ಲಿ ಅಚ್ಚಾಗಿದ್ದ ಸಮಯ ಬೆಳಿಗ್ಗೆ 5:21. ವ್ಯತ್ಯಾಸ ಐದೂವರೆ ಗಂಟೆ. ಭಾರತೀಯ ಸಮಯಕ್ಕೂ ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಗೂ ಇರುವ ವ್ಯತ್ಯಾಸ ಅದೇ. ನಮ್ಮಲ್ಲೊಬ್ಬರು ಡೇಟಾಬೇಸ್‌ಗೆ ಈಗ ಗಂಟೆ ಎಷ್ಟು ಎಂಬ ಒಂದೇ ಸಾಲಿನ ಪ್ರಶ್ನೆ ಹಾಕಿದರು. ಗೋಡೆಯ ಗಡಿಯಾರದಲ್ಲಿ ಬೆಳಿಗ್ಗೆ 11:10. ಪರದೆಯ ಮೇಲೆ 05:40.

ಹೊಸ ಸರ್ವರ್ ಯುಟಿಸಿಯಲ್ಲಿತ್ತು. ಡೇಟಾ ಸೆಂಟರ್‌ಗಳಲ್ಲಿ ಇದು ಸಾಮಾನ್ಯ ಪದ್ಧತಿ, ಅವರದೇನೂ ತಪ್ಪಿಲ್ಲ. ನಮ್ಮ ಈವೆಂಟ್‌ಗಳ ಟೈಮ್ ಝೋನ್ ಸಿಸ್ಟಮ್ ಎಂದಿತ್ತು, ಅಂದರೆ ಯಾವ ಯಂತ್ರದ ಮೇಲೆ ಇವೆಯೋ ಅದರ ಗಡಿಯಾರ. ಡಂಪ್ ಕಡತ ಆ ಮಾತನ್ನು ಹಾಗೆಯೇ ಹೊತ್ತು ತಂದಿತ್ತು. ಹಾಗಾಗಿ ರಾತ್ರಿ 11:45ರ ಕೆಲಸ ಯುಟಿಸಿಯ 23:45ಕ್ಕೆ, ನಮ್ಮ ಬೆಳಿಗ್ಗೆ 5:15ಕ್ಕೆ ನಡೆಯುತ್ತಿತ್ತು. ನಾವು ನೋಡಿದಾಗಲೆಲ್ಲ ಆ ಅಂಕಣದಲ್ಲಿ 23:45 ಎಂದೇ ಇತ್ತು, ಅದನ್ನೇ ನಾವು ನಿರೀಕ್ಷಿಸಿದ್ದರಿಂದ ಅದು ಯಾವ ಊರಿನ 23:45 ಎಂದು ಕೇಳಲಿಲ್ಲ.

ಸಮಯ ಹೀಗೆ ಜರುಗಿದ್ದರೂ ಬಹುಪಾಲು ಲೆಕ್ಕ ಸರಿಯಾಗಿಯೇ ನಡೆದದ್ದು ಹೇಗೆ ಎಂಬುದು ಈ ಪ್ರಕರಣದ ತಿರುಳು. ಜಮಾ ಮಾಡುವ ಪ್ರೊಸೀಜರ್ ಇವತ್ತಿನ ದಿನಾಂಕದ ನಮೂದುಗಳನ್ನು ತೆಗೆದುಕೊ ಎಂದು ಹೇಳುತ್ತಿತ್ತು. ಮಂಗಳವಾರ ಬೆಳಿಗ್ಗೆ 5:15ಕ್ಕೆ ಯುಟಿಸಿಯಲ್ಲಿ ಇನ್ನೂ ಸೋಮವಾರ. ಆದ್ದರಿಂದ ತಡವಾಗಿ ಓಡಿದರೂ ಅದು ಸೋಮವಾರದ ಸಂಗ್ರಹವನ್ನೇ ಎತ್ತಿಕೊಳ್ಳುತ್ತಿತ್ತು. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚುತ್ತಿತ್ತು. ಶಾಖೆಯ ಕೌಂಟರ್ ವ್ಯವಹಾರಗಳಿಗೆ ಮ್ಯಾನೇಜರ್ ಬೆಳಿಗ್ಗೆ ತೆರೆಯುವ ವ್ಯವಹಾರ ದಿನಾಂಕವೇ ಆಧಾರವಾದ್ದರಿಂದ ಅವುಗಳಿಗೆ ಏನೂ ತಟ್ಟಲಿಲ್ಲ. ಮಷಿನ್‌ನಿಂದ ಬರುವ ನಮೂದುಗಳ ದಿನಾಂಕವನ್ನು ಮಾತ್ರ ಸರ್ವರ್‌ನ ಗಡಿಯಾರ ಬರೆಯುತ್ತಿತ್ತು. ಬ್ಯಾಟರಿ ಸತ್ತಾಗ ಮಷಿನ್‌ಗಳ ಗಡಿಯಾರ ಕೆಡುತ್ತದೆ ಎಂಬ ಕಾರಣಕ್ಕೆ ಹಿಂದೆ ನಾವೇ ಕೈಗೊಂಡ ತೀರ್ಮಾನ ಅದು, ಆಗ ಅದು ಸರಿಯಾಗಿಯೂ ಇತ್ತು.

ಈಗ ಬೆಳಗಿನ ಜಾವದ ನಮೂದುಗಳನ್ನು ನೋಡೋಣ. ಮಂಗಳವಾರ 5:05ಕ್ಕೆ ಬಂದದ್ದು ಸೋಮವಾರದ ದಿನಾಂಕ ಪಡೆದು, ಹತ್ತು ನಿಮಿಷದಲ್ಲಿ ಸೋಮವಾರದ ಲೆಕ್ಕಕ್ಕೆ ಜಮಾ ಆಗುತ್ತಿತ್ತು: ದಿನ ತಪ್ಪು, ಹಣ ಸರಿ. 5:35ಕ್ಕೆ ಬಂದದ್ದಕ್ಕೆ ಮಂಗಳವಾರದ ದಿನಾಂಕವೇ ಸಿಗುತ್ತಿತ್ತು, ಮರುದಿನ ಜಮಾ ಆಗುತ್ತಿತ್ತು. ಆದರೆ 5:15ರಿಂದ 5:30ರೊಳಗೆ ಬಂದದ್ದಕ್ಕೆ ಸೋಮವಾರದ ದಿನಾಂಕ, ಸೋಮವಾರದ ಜಮಾ ಕೆಲಸ ಆಗಲೇ ಮುಗಿದಿರುತ್ತಿತ್ತು, ಮರುದಿನದ ಕೆಲಸ ಮಂಗಳವಾರದ್ದನ್ನಷ್ಟೇ ಕೇಳುತ್ತಿತ್ತು. ಆ ನಮೂದನ್ನು ಇನ್ನೆಂದೂ ಯಾರೂ ಕೇಳುತ್ತಿರಲಿಲ್ಲ.

ಈ ಬಿರುಕು ಹೊಸದಲ್ಲ ಎಂಬುದು ಆಮೇಲೆ ಹೊಳೆಯಿತು. ಹಳೆಯ ಸರ್ವರ್‌ನಲ್ಲೂ ರಾತ್ರಿ 11:45ರಿಂದ 12ರವರೆಗೆ ಅದೇ ಹದಿನೈದು ನಿಮಿಷ ಬಾಯಿ ತೆರೆದುಕೊಂಡೇ ಇತ್ತು. ಆ ಹೊತ್ತಿನಲ್ಲಿ ಊರಲ್ಲಿ ಯಾರೂ ಪಿಗ್ಮಿ ಕಟ್ಟುವುದಿಲ್ಲವಾದ್ದರಿಂದ ಅದರೊಳಗೆ ಏನೂ ಬೀಳಲಿಲ್ಲ. ಸರ್ವರ್ ಬದಲಾದಾಗ ನಾವು ಆ ಬಿರುಕನ್ನು ಎತ್ತಿ, ಊರಿನಲ್ಲಿ ಆ ಹೊತ್ತಿಗೆ ಎದ್ದಿರುವ ಏಕೈಕ ಮಾರುಕಟ್ಟೆಯ ಕಾಲ ಕೆಳಗೆ ತಂದಿಟ್ಟೆವು.

ಇದಕ್ಕೆ ಒಂದು ಸುಳಿವು ಮೊದಲ ವಾರವೇ ಸಿಕ್ಕಿತ್ತು. ಕಾರ್ಯದರ್ಶಿಯವರು ಯಾವುದೋ ಮಾತಿನ ನಡುವೆ, “ವರದಿ ಈಗ ಬೆಳಿಗ್ಗೆ ಆರೂ ಮುಕ್ಕಾಲಿಗೆ ಬರ್ತಾ ಇದೆ, ಕಾಫಿ ಕುಡಿಯೋ ಹೊತ್ತಿಗೆ ಸರಿಯಾಗುತ್ತೆ” ಎಂದಿದ್ದರು. ರಾತ್ರಿ 1:15ರ ವರದಿ ಐದೂವರೆ ಗಂಟೆ ತಡವಾಗಿ ಬರುತ್ತಿದೆ ಎಂದು ಅವರು ನಮಗೆ ಗಂಟೆ ನಿಮಿಷ ಸಮೇತ ಹೇಳಿದ್ದರು. ನಾವು ಅದನ್ನು ಮೆಚ್ಚುಗೆ ಎಂದುಕೊಂಡೆವು.

ಇಪ್ಪತ್ತು ಬೈಟಿನ ಬ್ಯಾಕಪ್

ಕಾರಣ ಸಿಕ್ಕಿತು, ಇನ್ನು ಒಂದು ಗಂಟೆಯ ಕೆಲಸ ಎಂದುಕೊಂಡು, ದತ್ತಾಂಶವನ್ನು ಮುಟ್ಟುವ ಮೊದಲು ಆ ದಿನದ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಏರಿಸಿ ಅಲ್ಲಿ ಪ್ರಯೋಗ ಮಾಡಲು ಹೊರಟೆವು. ಈ ಮೊದಲು ಪ್ರೊಸೀಜರ್ ಓಡಿಸಿ ನೋಡಿದ್ದು ಸಾಗಣೆಯ ದಿನದ ಪ್ರತಿಯಲ್ಲಿ. ಬ್ಯಾಕಪ್ ಫೋಲ್ಡರ್‌ನಲ್ಲಿ 32 ಕಡತಗಳಿದ್ದವು, ಫೆಬ್ರುವರಿ 11ರಿಂದ ಮಾರ್ಚ್ 13ರವರೆಗೆ ದಿನಕ್ಕೊಂದರಂತೆ, ಒಂದೂ ತಪ್ಪದೆ. ಬ್ಯಾಕಪ್ ಲಾಗ್‌ನಲ್ಲಿ 32 ಸಲ ಬ್ಯಾಕಪ್ ಯಶಸ್ವಿ ಎಂದಿತ್ತು. ಪ್ರತಿ ಕಡತದ ಗಾತ್ರ 20 ಬೈಟ್.

ಏನೂ ಇಲ್ಲದ್ದನ್ನು ಜಿಜಿಪ್ ಎಂಬ ಕುಗ್ಗಿಸುವ ಸಾಧನಕ್ಕೆ ಕೊಟ್ಟರೆ ಸಿಗುವ ಕಡತದ ಗಾತ್ರ ಅಷ್ಟೇ: ತಲೆಗೆ ಹತ್ತು ಬೈಟ್, ಬಾಲಕ್ಕೆ ಎಂಟು, ನಡುವೆ ಖಾಲಿ ಎಂದು ಹೇಳುವ ಎರಡು. ಹೊಸ ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ಲನ್ನು ಬೇರೊಂದು ಫೋಲ್ಡರ್‌ನಲ್ಲಿ ಸ್ಥಾಪಿಸಲಾಗಿತ್ತು. ನಾವು ಲಾಗಿನ್ ಆಗಿ ಕೈಯಿಂದ ಓಡಿಸಿದಾಗ, ಆಜ್ಞೆಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕೆಂದು ಹೇಳುವ ನಮ್ಮ ಪಾತ್ ಸೆಟ್ಟಿಂಗ್‌ನಲ್ಲಿ ಆ ಫೋಲ್ಡರ್ ಇದ್ದುದರಿಂದ ಬ್ಯಾಕಪ್ ಸ್ಕ್ರಿಪ್ಟ್ ಸರಿಯಾಗಿ ಓಡುತ್ತಿತ್ತು. ಕ್ರಾನ್ ತನ್ನ ಕೆಲಸಗಳಿಗೆ ಕೊಡುವ ಪಾತ್ ಬಹಳ ಚಿಕ್ಕದು; ಅದಕ್ಕೆ ಮೈಎಸ್‌ಕ್ಯೂಎಲ್‌ಡಂಪ್ ಸಿಗಲೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಡಂಪ್‌ನ ಫಲವನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟಿದ್ದೆವು. ಹೀಗೆ ಪೈಪ್‌ನಲ್ಲಿ ಜೋಡಿಸಿದಾಗ, ಆಜ್ಞೆಗಳನ್ನು ಓಡಿಸುವ ಶೆಲ್ ಕೊನೆಯ ಆಜ್ಞೆ ಗೆದ್ದಿತೇ ಎಂದಷ್ಟೇ ನೋಡುತ್ತದೆ. ಜಿಜಿಪ್ ತನಗೆ ಬಂದ ಶೂನ್ಯವನ್ನು ಯಶಸ್ವಿಯಾಗಿಯೇ ಕುಗ್ಗಿಸಿತ್ತು. ಆಜ್ಞೆ ಸಿಗಲಿಲ್ಲ ಎಂಬ ಸಂದೇಶವನ್ನು ಕ್ರಾನ್ ಇ-ಅಂಚೆಯಲ್ಲಿ ಕಳಿಸಲು ಪ್ರಯತ್ನಿಸಿತ್ತು, ಸರ್ವರ್‌ನಲ್ಲಿ ಅಂಚೆ ಕಳಿಸುವ ವ್ಯವಸ್ಥೆಯೇ ಇಲ್ಲದ್ದರಿಂದ ಅದನ್ನು ಬಿಸಾಡುತ್ತಿದ್ದೇನೆ ಎಂದು ಸಿಸ್ಟಮ್ ಲಾಗ್‌ನಲ್ಲಿ ದಿನಾ ಒಂದು ಸಾಲು ಬರೆದಿತ್ತು. ಆ ಲಾಗನ್ನು ನಾವು ಓದಿರಲಿಲ್ಲ.

ಒಂದು ತಿಂಗಳಿಗೂ ಹೆಚ್ಚು ಕಾಲ ಸಾವಿರಾರು ಜನರ ಉಳಿತಾಯದ ಲೆಕ್ಕ ಒಂದೇ ಯಂತ್ರದ ಮೇಲೆ, ಸಾಗಣೆಯ ದಿನದ ನಂತರದ ಯಾವ ಪ್ರತಿಯೂ ಇಲ್ಲದೆ ಕುಳಿತಿತ್ತು. ಏನೂ ಆಗಲಿಲ್ಲ ಎಂಬುದು ನಮ್ಮ ಜಾಣತನವಲ್ಲ.

ಅಂದು ಸಂಜೆ ನಮ್ಮಲ್ಲಿ ಭಿನ್ನಾಭಿಪ್ರಾಯ ಬಂತು. ಏಜೆಂಟ್ ಮೇಲಿನ ಅನುಮಾನ ದಿನದಿನಕ್ಕೂ ಬೆಳೆಯುತ್ತಿದೆ, 37 ನಮೂದನ್ನು ಈಗಲೇ ಜಮಾ ಹಾಕಿಬಿಡೋಣ ಎಂಬುದು ಒಂದು ಅಭಿಪ್ರಾಯ. ನಂಬಬಹುದಾದ ಪ್ರತಿ ಕೈಗೆ ಬರುವವರೆಗೆ ಒಂದು ಸಾಲನ್ನೂ ತಿದ್ದಬಾರದು ಎಂಬುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡೆವು, ಆದರೆ ಕಾರಣ ಗೊತ್ತಾಗಿದೆ, ಏಜೆಂಟ್‌ರದು ಯಾವ ತಪ್ಪೂ ಇಲ್ಲ, ಹಣ ಸಸ್ಪೆನ್ಸ್ ಖಾತೆಯಲ್ಲಿದೆ ಎಂದು ಕಾರ್ಯದರ್ಶಿಯವರಿಗೆ ಅಂದೇ ಲಿಖಿತವಾಗಿ ತಿಳಿಸಿದೆವು. ಅವರು ಖಾತೆ ತೆರೆಸಿ ನೋಡಿದರು. ತೂಗಿ ನೋಡಿದಾಗ ಉಳಿದದ್ದು ಸರಿಯಾಗಿ ₹3,940. ರಾತ್ರಿ ಕೈಯಿಂದ ಡಂಪ್ ತೆಗೆದು, ಬೇರೊಂದು ಯಂತ್ರದಲ್ಲಿ ಏರಿಸಿ, ಖಾತೆಗಳ ಸಂಖ್ಯೆ ಮತ್ತು ಒಟ್ಟು ಶಿಲ್ಕು ಎರಡೂ ಕಡೆ ತಾಳೆಯಾಗುವವರೆಗೆ ಮಲಗಲಿಲ್ಲ.

ಸರಿಪಡಿಸಿದ ಬಗೆ

ಸರ್ವರನ್ನು ಯುಟಿಸಿಯಲ್ಲೇ ಬಿಟ್ಟು ತಂತ್ರಾಂಶದಲ್ಲಿ ಸಮಯವನ್ನು ಬದಲಿಸಿಕೊಳ್ಳುವುದು ಹಲವರು ಮೆಚ್ಚುವ ದಾರಿ. ಹಲವು ದೇಶಗಳಲ್ಲಿ ವ್ಯವಹರಿಸುವ ಸಂಸ್ಥೆಗೆ ಅದೇ ಸರಿ. ಆದರೆ ಈ ಸಂಘದ ನಾಲ್ಕೂ ಶಾಖೆಗಳು ಒಂದೇ ಜಿಲ್ಲೆಯಲ್ಲಿವೆ, ಭಾರತದಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಗಡಿಯಾರವಿಲ್ಲ, ಹಳೆಯ ಪ್ರೊಸೀಜರ್‌ಗಳಲ್ಲಿ ಇವತ್ತಿನ ದಿನಾಂಕ ಎಂಬ ಮಾತು ಅರವತ್ತಕ್ಕೂ ಹೆಚ್ಚು ಕಡೆ ಇತ್ತು. ವರ್ಷಾಂತ್ಯಕ್ಕೆ ಎರಡು ವಾರ ಇರುವಾಗ ಅಷ್ಟನ್ನೂ ತಿದ್ದುವುದು ಹೊಸ ತಪ್ಪುಗಳಿಗೆ ಆಹ್ವಾನ. ಸರ್ವರ್ ಭಾರತೀಯ ಸಮಯದಲ್ಲೇ ಇರಲಿ ಎಂದು ತೀರ್ಮಾನಿಸಿದೆವು.

ಪ್ರಯೋಗದ ಯಂತ್ರದಲ್ಲಿ ಮೊದಲು ಮೈಎಸ್‌ಕ್ಯೂಎಲ್‌ನ ಸಂರಚನಾ ಕಡತದಲ್ಲಿ ಮಾತ್ರ ಟೈಮ್ ಝೋನನ್ನು +05:30 ಎಂದು ಬರೆದು ನೋಡಿದೆವು. ಗಂಟೆ ಕೇಳಿದರೆ ಸರಿಯಾದ ಉತ್ತರ ಬಂತು. ಆದರೆ ಈವೆಂಟ್‌ಗಳ ಟೈಮ್ ಝೋನ್ ಅಂಕಣದಲ್ಲಿ ಇನ್ನೂ ಸಿಸ್ಟಮ್ ಎಂದೇ ಇತ್ತು, ಅವು ಇನ್ನೂ ಯಂತ್ರದ ಯುಟಿಸಿ ಗಡಿಯಾರದಂತೆಯೇ ಓಡಿದವು. ಪ್ರತಿ ಈವೆಂಟ್ ತಾನು ಸೃಷ್ಟಿಯಾದಾಗ ಅಥವಾ ತಿದ್ದುಪಡಿಯಾದಾಗ ಇದ್ದ ಟೈಮ್ ಝೋನನ್ನು ನೆನಪಿಟ್ಟುಕೊಳ್ಳುತ್ತದೆ. ಓಡುವ ಹೊತ್ತಿಗಷ್ಟೇ ಅಲ್ಲ, ಓಡುವಾಗ ಅದರೊಳಗಿನ ಇವತ್ತಿನ ದಿನಾಂಕಕ್ಕೂ ಅದೇ ಅನ್ವಯ. ಇದನ್ನು ಪರೀಕ್ಷಿಸದೆ ನೇರವಾಗಿ ಮಾಡಿದ್ದರೆ ನಮೂದುಗಳ ದಿನಾಂಕ ಭಾರತೀಯ ಸಮಯದಲ್ಲಿ, ಜಮಾ ಕೆಲಸದ ದಿನಾಂಕ ಯುಟಿಸಿಯಲ್ಲಿ ಇದ್ದು, ಎರಡು ಗಡಿಯಾರಗಳು ಒಂದೇ ಡೇಟಾಬೇಸ್‌ನೊಳಗೆ ನಡೆಯುತ್ತಿದ್ದವು.

ಆದ್ದರಿಂದ 16ರ ಶನಿವಾರ ರಾತ್ರಿ, ಮಷಿನ್‌ಗಳ ನಮೂದು ಸ್ವೀಕರಿಸುವ ಪ್ರೋಗ್ರಾಂ ನಿಲ್ಲಿಸಿ, ಮೊದಲು ಯಂತ್ರದ ಟೈಮ್ ಝೋನನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿದೆವು. ಮೈಎಸ್‌ಕ್ಯೂಎಲ್ಲನ್ನೂ ಕ್ರಾನನ್ನೂ ಮತ್ತೆ ಆರಂಭಿಸಿದೆವು, ಏಕೆಂದರೆ ಓಡುತ್ತಿರುವ ಪ್ರೋಗ್ರಾಂಗಳು ಹಳೆಯ ಝೋನನ್ನೇ ಹಿಡಿದುಕೊಂಡಿರುತ್ತವೆ. ಸಂರಚನಾ ಕಡತದಲ್ಲೂ +05:30 ಬರೆದೆವು, ಎರಡು ಈವೆಂಟ್‌ಗಳ ವೇಳಾಪಟ್ಟಿಯನ್ನೂ ಹೊಸದಾಗಿ ಕೊಟ್ಟು ಅಂಕಣದಲ್ಲಿ +05:30 ಎಂದು ಬಂದದ್ದನ್ನು ಕಣ್ಣಾರೆ ನೋಡಿದೆವು. ಮುಂದೆ ಮತ್ತೊಮ್ಮೆ ಸರ್ವರ್ ಬದಲಾದರೆ ಈ ಈವೆಂಟ್‌ಗಳ ಸಮಯ ಇನ್ನು ಯಂತ್ರವನ್ನು ನಂಬಿ ಕೂರುವುದಿಲ್ಲ.

ಬಿರುಕನ್ನು ಮುಚ್ಚುವುದು ಬೇರೆಯೇ ಕೆಲಸ. ಈವೆಂಟನ್ನು 23:59ಕ್ಕೆ ಜರುಗಿಸೋಣ ಎಂಬ ಸಲಹೆ ಬಂತು. ಹದಿನೈದು ನಿಮಿಷದ ಬಿರುಕು ಒಂದು ನಿಮಿಷದ್ದಾಗುತ್ತದೆ ಅಷ್ಟೇ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಓಡಿಸೋಣ ಎಂಬ ಸಲಹೆಯೂ ಬಂತು. ಮೈಎಸ್‌ಕ್ಯೂಎಲ್ ಹಿಂದಿನ ಸುತ್ತು ಮುಗಿದಿದೆಯೇ ಎಂದು ಕಾಯುವುದಿಲ್ಲ. ಒಂದು ಸುತ್ತು ತಡವಾದರೆ ಅದರ ಜೊತೆಗೇ ಇನ್ನೊಂದು ಶುರುವಾಗಿ, ಒಂದೇ ನಮೂದು ಎರಡು ಸಲ ಜಮಾ ಆಗುವ ಅಪಾಯವಿದೆ. ಕೊನೆಗೆ ಪ್ರಶ್ನೆಯನ್ನೇ ಬದಲಿಸಿದೆವು. ಇವತ್ತಿನ ದಿನಾಂಕದವು ಯಾವುವು ಎಂದು ಕೇಳುವ ಬದಲು, ಕೆಲಸ ಆರಂಭವಾಗುವ ಮುನ್ನ ಬಂದು ಇನ್ನೂ ಜಮಾ ಆಗದಿರುವವು ಯಾವುವು ಎಂದು ಪ್ರೊಸೀಜರ್ ಈಗ ಕೇಳುತ್ತದೆ. ಒಂದು ರಾತ್ರಿ ತಪ್ಪಿದ್ದು ಮರುರಾತ್ರಿ ಸಿಗುತ್ತದೆ, ಸರ್ವರ್ ಎರಡು ದಿನ ನಿಂತಿದ್ದರೂ ಸಿಗುತ್ತದೆ. ಪ್ರತಿ ನಮೂದು ತನ್ನದೇ ದಿನಾಂಕದಲ್ಲಿ ಜಮಾ ಆಗುತ್ತದೆ. ಜಮಾ ಮತ್ತು ಜಮಾ ಆಯಿತೆಂಬ ಗುರುತು ಒಂದೇ ಟ್ರಾನ್ಸಾಕ್ಷನ್‌ನಲ್ಲಿವೆ, ಅಂದರೆ ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ; ಎರಡು ಸುತ್ತು ಒಟ್ಟಿಗೆ ಓಡದಂತೆ ಹೆಸರಿಟ್ಟ ಬೀಗವೊಂದಿದೆ.

ಉಳಿದದ್ದು ಹಳೆಯ ಸಾಲುಗಳು. ಸ್ವೀಕೃತಿ ಸಮಯದ ಅಂಕಣ ಡೇಟ್‌ಟೈಮ್ ಬಗೆಯದು. ಟೈಮ್‌ಸ್ಟ್ಯಾಂಪ್ ಆಗಿದ್ದರೆ ಝೋನ್ ಬದಲಾದಾಗ ತಾನಾಗಿ ಸರಿಯಾಗಿ ತೋರುತ್ತಿತ್ತು, ಡೇಟ್‌ಟೈಮ್ ಬರೆದದ್ದನ್ನು ಬರೆದಂತೆಯೇ ಇಟ್ಟುಕೊಳ್ಳುತ್ತದೆ. ಸರ್ವರ್ ಬದಲಾದ ಮೇಲೆ ಬಂದ ಮೊದಲ ನಮೂದಿನ ಕ್ರಮಸಂಖ್ಯೆಯಿಂದ ಹಿಡಿದು ಅಂದಿನವರೆಗಿನ ಎಲ್ಲ ಸಾಲಿಗೂ ಐದೂವರೆ ಗಂಟೆ ಕೂಡಿಸಿ, ಮೊದಲಿದ್ದ ಸಮಯವನ್ನು ಪ್ರತ್ಯೇಕ ಕೋಷ್ಟಕದಲ್ಲಿ ಉಳಿಸಿದೆವು. ದಿನಾಂಕ ಒಂದು ದಿನ ಹಿಂದೆ ಹೋಗಿ ಜಮಾ ಆಗಿದ್ದ ನಮೂದುಗಳಲ್ಲಿ ಒಂಬತ್ತು ಮಾರ್ಚ್ 1ರ ಬೆಳಗಿನವು, ಫೆಬ್ರುವರಿಯ ಲೆಕ್ಕಕ್ಕೆ ಸೇರಿದ್ದವು. ಅವುಗಳನ್ನು ಸದ್ದಿಲ್ಲದೆ ತಿದ್ದುವ ಬದಲು ಸಂಘದ ಲೆಕ್ಕಿಗರ ಸಹಿಯೊಂದಿಗೆ ತಿದ್ದುಪಡಿ ವೋಚರ್ ಹಾಕಿಸಿದೆವು. ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಆಜ್ಞೆಗಳ ಪೂರ್ಣ ಪಾತ್ ಬರೆದು, ಪೈಪ್‌ನ ಯಾವ ಭಾಗ ಸೋತರೂ ಇಡೀ ಕೆಲಸ ಸೋತಂತೆ ಎಣಿಸುವ ಪೈಪ್‌ಫೇಲ್ ಆಯ್ಕೆ ಹಾಕಿದೆವು. ಈಗ ಪ್ರತಿ ಭಾನುವಾರ ಬ್ಯಾಕಪ್ ಕಡತವನ್ನು ಇನ್ನೊಂದು ಯಂತ್ರದಲ್ಲಿ ಏರಿಸಿ ಶಿಲ್ಕು ತಾಳೆ ನೋಡಿದ ಮೇಲೆಯೇ ಬ್ಯಾಕಪ್ ಆಯಿತು ಎಂದು ಬರೆಯುತ್ತೇವೆ.

ಈಗ ಬೆಳಿಗ್ಗೆ ನೋಡುವುದೇನು

ಒಂದು ಕೆಲಸ ಓಡಿದೆ ಎಂಬುದನ್ನು ಆ ಕೆಲಸವನ್ನೇ ಕೇಳಿ ತಿಳಿಯುವ ಪದ್ಧತಿಯನ್ನು ನಾವು ಬಿಟ್ಟಿದ್ದೇವೆ. ಈವೆಂಟ್‌ನ ಅಂಕಣ 23:45 ಎಂದಿತು, ಬ್ಯಾಕಪ್ ಲಾಗ್ ಯಶಸ್ವಿ ಎಂದಿತು, ಎರಡೂ ತಮಗೆ ಗೊತ್ತಿದ್ದಷ್ಟು ನಿಜವನ್ನೇ ಹೇಳಿದ್ದವು. ನಿಜವಾದ ಉತ್ತರ ಕೆಲಸದ ಫಲ ಎಲ್ಲಿ ಬೀಳಬೇಕೋ ಅಲ್ಲಿರುತ್ತದೆ: ಬ್ಯಾಕಪ್‌ಗೆ ಅದು ಇನ್ನೊಂದು ಯಂತ್ರದಲ್ಲಿ ಏರಿದ ಡೇಟಾಬೇಸ್, ಪಿಗ್ಮಿಗೆ ಅದು ಸಸ್ಪೆನ್ಸ್ ಖಾತೆ. ರಾತ್ರಿಯ ಜಮಾ ಮುಗಿದ ಮೇಲೆ ಆ ಖಾತೆಯಲ್ಲಿ ಸೊನ್ನೆ ಉಳಿಯಬೇಕು. ಕಾರ್ಯದರ್ಶಿಯವರ ವರದಿಯ ಮೊದಲ ಸಾಲೇ ಈಗ ಆ ಶಿಲ್ಕು, ಅದರ ಪಕ್ಕದಲ್ಲಿ ವರದಿ ಸಿದ್ಧವಾದ ಸಮಯ, ಟೈಮ್ ಝೋನ್ ಸಮೇತ.

ಆ 37 ನಮೂದುಗಳು ಸೇರಿದ್ದ ಹದಿನಾಲ್ಕು ಠೇವಣಿದಾರರಿಗೆ ಏನು ಹೇಳಬೇಕೆಂಬ ಚರ್ಚೆಯಲ್ಲಿ, ಹಣ ಜಮಾ ಆಗಿದೆ, ಹೇಳದಿದ್ದರೂ ನಡೆಯುತ್ತದೆ ಎಂದವರಿದ್ದರು. ಕಾರ್ಯದರ್ಶಿಯವರು ಒಪ್ಪಲಿಲ್ಲ. 18ರ ಸೋಮವಾರ ಬೆಳಿಗ್ಗೆ ಐದೂವರೆಗೆ ಅವರೇ ಏಜೆಂಟ್ ಜೊತೆ ಮಾರುಕಟ್ಟೆಗೆ ಹೋಗಿ, ಅಂಗಡಿ ಅಂಗಡಿಗೆ ಹೊಸದಾಗಿ ಮುದ್ರಿಸಿದ ಪಾಸ್‌ಪುಸ್ತಕ ಕೊಟ್ಟು, ತಪ್ಪು ಸಂಘದ ಕಂಪ್ಯೂಟರ್‌ನದು, ಈ ಅಮ್ಮನದಲ್ಲ ಎಂದು ಹೇಳಿಬಂದರು. ನೋಟಿಸ್ ಹಿಂಪಡೆದ ಪತ್ರ ಅದೇ ದಿನ ಅವರ ಕಡತ ಸೇರಿತು. ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ಕಚೇರಿಯಿಂದ ಕೇಳಿದಾಗ ನಾವು ಬರೆದುಕೊಟ್ಟದ್ದು ಹೀಗಿತ್ತು: ಸರ್ವರ್ ಬದಲಾವಣೆಯ ಸಂದರ್ಭದಲ್ಲಿ ಗಡಿಯಾರದ ವ್ಯತ್ಯಾಸವನ್ನು ಪರಿಶೀಲಿಸದ ಕಾರಣ ತಾಂತ್ರಿಕ ತಂಡದಿಂದ ಆದ ಲೋಪ.